ಕಂತಿನ ವಿಮೆ ಯಾರ್ಯಾರು ತಗೊಂಡಾರ

ಏನನ್ನೇ ಕೊಳ್ಳುವುದಿರಲಿ, ನಾನು ಕೇಳುವ ಪ್ರಶ್ನೆ ಒಂದೇ. ಯಾರು ತಗೊಂಡಾರ? ವಸ್ತು ಹೇಗಿದೆ, ಎಷ್ಟು ದಿನ ಬಾಳಿಕೆ ಬರುತ್ತದೆ ಅನ್ನುವುದೆಲ್ಲ ಆಮೇಲಿನ ಮಾತು. ಚಿಕಾಗೋ ಹತ್ತಿರದ ನೇಪರ್‌ವಿಲ್‌ನ ನಮ್ಮ ಮನೆಯ ಫ್ರಿಜ್ಜು, ವೆಟ್ ಗ್ರೈಂಡರು, ಹಲ್ಲಿನ ಡಾಕ್ಟರು, ಮಗಳಿಗೆ ಭರತನಾಟ್ಯ ಕಲಿಸುವ ಟೀಚರು, ಎಲ್ಲರೂ ಈ ಒಂದು ಪ್ರಶ್ನೆ ದಾಟಿ ಒಳಗೆ ಬಂದವರು. ಕನ್ನಡ ಬಳಗದಲ್ಲಿ ಇಬ್ಬರು ತೆಗೆದುಕೊಂಡಿದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳುತ್ತೇನೆ. ಆ ಇಬ್ಬರಲ್ಲಿ ಒಬ್ಬರು ಪಿಎಚ್‌ಡಿ ಮಾಡಿದ್ದರಂತೂ ಕಿವಿಯನ್ನೂ ಮುಚ್ಚಿಕೊಳ್ಳುತ್ತೇನೆ.

ನನ್ನ ಹೆಸರು ಕಲ್ಮೇಶ್. ಗದಗಿನವನು. ಸಾಫ್ಟ್‌ವೇರ್ ಟೆಸ್ಟಿಂಗ್ ನನ್ನ ಕಸುಬು. ಅಂದರೆ ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕಿ ಸಂಬಳ ಎಣಿಸುವವನು. ಬಿಸ್ಕತ್ತಿನ ಪೊಟ್ಟಣದ ಮೇಲೆ ಮೊಟ್ಟೆ ಇದೆಯೋ ಇಲ್ಲವೋ ಅಂತ ಅಂಗಡಿಯಲ್ಲಿ ನಿಂತು ಕನ್ನಡಕ ಏರಿಸಿ ಓದುವ ನಾನು, ಮನೆ ಸಾಲದ ಮೇಲಿನ ವಿಮೆಯನ್ನು ಒಂದಕ್ಷರ ಓದದೆ ಕೊಂಡೆ. ಇದನ್ನು ಹೇಳಲು ನಾಚಿಕೆಯಾಗುತ್ತದೆ. ಆದರೆ ಊರಿಗೆಲ್ಲ ಗೊತ್ತಾದ ಮೇಲೆ ನಾಚಿಕೊಂಡು ಏನು ಮಾಡುವುದು?

ಆ ವಿಮೆ ಮಾರಿದವನು ಸೋಮು ಅಂತ ಒಬ್ಬ ಏಜೆಂಟು. ಬೆಂಗಳೂರಿನ ಹುಡುಗ, ಬಾಯಿ ತೆರೆದರೆ ಬೆಣ್ಣೆ. ಯುಗಾದಿಯ ಊಟದಲ್ಲಿ ನನ್ನ ಪಕ್ಕ ಕೂತು ಎರಡು ಸಲ ಕೋಸಂಬರಿ ಹಾಕಿಸಿಕೊಂಡು, ‘ಕೆಲಸ ಹೋದ್ರೆ ಮನೆ ಕಂತು ಯಾರ್ ಕಟ್ತಾರೆ ಸರ್?’ ಅಂತ ಕೇಳಿದ್ದ. ಹಬ್ಬದ ದಿನ ಕೇಳುವ ಮಾತೇ ಇದು ಅಂತ ಸಿಟ್ಟು ಬಂದಿತ್ತು. ‘ವಿಚಾರ ಮಾಡೋಣ ಬಿಡ್ರಿ’ ಅಂದು ಪಾಯಸದ ಕಡೆಗೆ ಹೊರಟುಹೋಗಿದ್ದೆ.

ಎರಡು ತಿಂಗಳ ಮೇಲೆ ಒಂದು ಶನಿವಾರ ಅವನು ಮನೆಗೇ ಬಂದ. ನನ್ನ ಹೆಂಡತಿ ಇಂದುಮತಿ ಉಪ್ಪಿಟ್ಟು ಮಾಡಿದಳು. ಬೇಡ ಬೇಡ ಅಂದ, ತಟ್ಟೆ ಮುಂದಿಟ್ಟ ಮೇಲೆ ತಿಂದ. ಆಮೇಲೆ ಕೈ ಒರೆಸಿಕೊಂಡು ಕಾಗದ ತೆಗೆದ. ಕೆಲಸ ಹೋದರೆ ಮನೆ ಸಾಲದ ಕಂತನ್ನು ವಿಮೆಯವರೇ ಕಟ್ಟುತ್ತಾರೆ, ಒಂದು ವರ್ಷದವರೆಗೆ. ನಾನು ನನ್ನ ಪ್ರಶ್ನೆ ಕೇಳಿದೆ.

‘ಯಾರು ತಗೊಂಡಾರ?’

‘ಡೆಟ್ರಾಯಿಟ್‌ನ ಹೃಷೀಕೇಶ್ ಸರ್ ತಗೊಂಡಿದಾರೆ.’

ಮುಗಿಯಿತು. ಹೃಷೀಕೇಶ ಅಂದರೆ ಡೆಟ್ರಾಯಿಟ್ ಹತ್ತಿರದ ನೋವೈಯಲ್ಲಿರುವ ಮೈಸೂರಿನವರು, ಲೋಹಶಾಸ್ತ್ರದಲ್ಲಿ ಪಿಎಚ್‌ಡಿ, ಅಲ್ಲಿನ ಕನ್ನಡ ಸಂಘದ ಮಾಜಿ ಅಧ್ಯಕ್ಷರು. ಸಂಘದ ಆಮಂತ್ರಣ ಪತ್ರಿಕೆಗೂ ಕೆಂಪು ಪೆನ್ನು ಹಿಡಿದು ತಿದ್ದುವ ಮನುಷ್ಯ. ಅಂಥವರು ಸಹಿ ಹಾಕಿದ ಕಾಗದವನ್ನು ನಾನು ಓದುವುದೆಂದರೆ ಅವರಿಗೆ ಅವಮಾನ ಮಾಡಿದಂತೆ ಅಂದುಕೊಂಡೆ.

‘ಓದಿ ಸಹಿ ಮಾಡ್ರಲಾ’ ಅಂದಳು ಇಂದುಮತಿ ಅಡುಗೆಮನೆಯಿಂದಲೇ.

‘ಹೃಷೀಕೇಶ್ ಸರ್ ಓದ್ಯಾರ.’

ಓದಲಿಲ್ಲ, ಆದರೆ ಚೌಕಾಸಿ ಮಾಡಿದೆ. ಅದರಲ್ಲಿ ನಾವು ಕಡಿಮೆ ಇಲ್ಲ. ತಿಂಗಳು ತಿಂಗಳು ಕಟ್ಟುವ ಬದಲು ಒಂದೇ ಸಲ ಕಟ್ಟಿದರೆ ಎಷ್ಟು ಬಿಡುತ್ತೀ ಅಂತ ಅವನನ್ನು ಅರ್ಧ ತಾಸು ಹಿಂಡಿದೆ. ಅವನು ಯಾರಿಗೋ ಫೋನ್ ಮಾಡಿ, ನಿಟ್ಟುಸಿರು ಬಿಟ್ಟು, ಒಪ್ಪಿದ. ಕಷ್ಟಕಾಲಕ್ಕೆ ಅಂತ ಬ್ಯಾಂಕಿನಲ್ಲಿ ಇಟ್ಟಿದ್ದ ದುಡ್ಡನ್ನೆಲ್ಲ ಬಳಿದು ಕಷ್ಟಕಾಲದ ವಿಮೆಗೆ ಕೊಟ್ಟೆ. ಅವನು ಹೋದ ಮೇಲೆ ಒಂದು ವಾರ ನನ್ನ ಜಾಣತನಕ್ಕೆ ನಾನೇ ಬೀಗುತ್ತಾ ಓಡಾಡಿದೆ. ನಮ್ಮ ವೀಸಾ ಯಾವುದು ಅಂತ ಸೋಮು ಕೇಳಲಿಲ್ಲ, ನಾನೂ ಹೇಳಲಿಲ್ಲ. ಉಪ್ಪಿಟ್ಟು ತಿನ್ನುವವನ ಮುಂದೆ ವೀಸಾ ಸುದ್ದಿ ಯಾಕೆ ಬರುತ್ತದೆ?

ಮುಂದಿನ ವರ್ಷ ಫೆಬ್ರವರಿಯಲ್ಲಿ ನನ್ನ ಕೆಲಸ ಹೋಯಿತು.

ಒಂದೇ ಬೆಳಿಗ್ಗೆ ನಮ್ಮ ಇಡೀ ತಂಡವನ್ನು ಕಳಿಸಿದರು. ಜನ ರಟ್ಟಿನ ಪೆಟ್ಟಿಗೆ ಹಿಡಿದುಕೊಂಡು ಪಾರ್ಕಿಂಗ್‌ನಲ್ಲಿ ಕಣ್ಣೀರು ಹಾಕುತ್ತಿದ್ದರು. ಅಲ್ಲಿ ನಗುತ್ತಾ ನಿಂತಿದ್ದವನು ನಾನೊಬ್ಬನೇ. ಒಬ್ಬೊಬ್ಬರ ಭುಜ ತಟ್ಟಿ, ‘ಎಲ್ಲ ಸರಿ ಆಗತೈತಿ, ಮೊದಲ ಪ್ಲಾನ್ ಮಾಡ್ಕೋಬೇಕಿತ್ತು’ ಅಂತ ಉಪದೇಶ ಮಾಡಿದೆ. ವಿವೇಕ್ ಅಂತ ಪಾಪದ ಹುಡುಗನೊಬ್ಬನಿಗೆ ಕಷ್ಟಕಾಲಕ್ಕೆ ಹೇಗೆ ತಯಾರಾಗಬೇಕು ಅಂತ ಸೊನ್ನೆಗಿಂತ ಕೆಳಗಿನ ಚಳಿಯಲ್ಲಿ ನಿಲ್ಲಿಸಿ ಪಾಠ ಹೇಳಿದೆ. ಮನೆಗೆ ಬರುವಾಗ ಅರ್ಧ ಕಿಲೋ ಜಿಲೇಬಿಯನ್ನೂ ತಂದೆ. ಅದನ್ನು ನೆನೆದರೆ ಈಗಲೂ ತಲೆ ಗೋಡೆಗೆ ಜಜ್ಜಿಕೊಳ್ಳಬೇಕು ಅನ್ನಿಸುತ್ತದೆ.

ಜಿಲೇಬಿ ತಿನ್ನುತ್ತಾ ವಿಮೆ ಕಂಪನಿಗೆ ಫೋನ್ ಮಾಡಿದೆ. ಆ ಕಡೆಯ ಹೆಂಗಸು ಬಹಳ ಮರ್ಯಾದೆಯಿಂದ, ಕೆಲಸ ಹೋದ ತೊಂಬತ್ತು ದಿನದ ಮೇಲೆ ಮೊದಲ ಕಂತು ಕಟ್ಟುತ್ತೇವೆ ಅಂದಳು. ನಮ್ಮಂಥ ಕೆಲಸದ ವೀಸಾದವರು ಕೆಲಸ ಹೋದ ಅರವತ್ತು ದಿನದಲ್ಲಿ ಇನ್ನೊಂದು ಹುಡುಕಿಕೊಳ್ಳದಿದ್ದರೆ ದೇಶ ಬಿಡಬೇಕು. ಅಂದರೆ ವಿಮೆಯವರು ನೇಪರ್‌ವಿಲ್ ಮನೆಯ ಕಂತು ಕಟ್ಟಲು ಶುರುಮಾಡುವ ಹೊತ್ತಿಗೆ ನಾನು ಗದಗಿನ ಸ್ಟೇಷನ್ ರಸ್ತೆಯಲ್ಲಿ ಮಿರ್ಚಿ ಭಜಿ ತಿನ್ನುತ್ತಿರಬೇಕು.

ಮಗಳು ಪಾಲಿಸಿಯನ್ನು ಕಂಪ್ಯೂಟರಿನಲ್ಲಿ ತೆರೆದು, ‘ವೀಸಾ’ ಅಂತ ಹುಡುಕಿ, ನನ್ನ ಕಡೆ ತಿರುಗಿದಳು.

‘ಡ್ಯಾಡ್, ಇಟ್ಸ್ ಆನ್ ಪೇಜ್ ಟೂ.’

ಎರಡನೇ ಪುಟದಲ್ಲೇ ಇತ್ತು. ತಾತ್ಕಾಲಿಕ ವೀಸಾದ ಮೇಲಿರುವವರಿಗೆ ಈ ವಿಮೆ ಅನ್ವಯಿಸುವುದಿಲ್ಲ. ಮಾರಲೇಬಾರದಿದ್ದದ್ದನ್ನು ಸೋಮು ನನಗೆ ಮಾರಿದ್ದ. ನಾನು ಅದನ್ನು ಚೌಕಾಸಿ ಮಾಡಿ ಕೊಂಡಿದ್ದೆ. ಇಂದುಮತಿ ಉಳಿದ ಜಿಲೇಬಿ ಡಬ್ಬಿಯನ್ನು ಮುಚ್ಚಿ ಒಳಗಿಟ್ಟಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸೋಮುವಿನ ನಂಬರು ಸತ್ತಿತ್ತು. ಟೆಕ್ಸಾಸಿಗೆ ಹೋಗಿ ಮನೆ ಮಾರುತ್ತಿದ್ದಾನಂತೆ ಅಂತ ಯಾರೋ ಹೇಳಿದರು. ಕಟ್ಟಿದ ಹಣ ವಾಪಸ್ ಕೊಡಿ ಅಂತ ಕಂಪನಿಗೆ ಬರೆದೆ. ಓದಿ ಒಪ್ಪಿದ್ದೇನೆ ಅಂತ ನೀವೇ ಸಹಿ ಹಾಕಿದ್ದೀರಲ್ಲ ಅಂತ ಉತ್ತರ ಬಂತು. ಬಿಡಲಿಲ್ಲ. ರಾಜ್ಯದ ವಿಮಾ ಇಲಾಖೆಗೆ ದೂರು ಕೊಟ್ಟೆ. ಆಗ ಕಂಪನಿಯಲ್ಲಿ ದೂರು ಪರಿಶೀಲಿಸುವ ಡೆಬ್ರಾ ಅನ್ನುವಾಕೆ ಫೋನ್ ಮಾಡಿ, ದಾರಿಯೊಂದನ್ನು ತೋರಿಸಿದಳು. ಏಜೆಂಟು ಸುಳ್ಳು ಹೇಳಿ ಮಾರಿದ ಅಂತ ನೀವೊಬ್ಬರೇ ಹೇಳಿದರೆ ಸಾಲದು, ಅವನಿಂದ ಕೊಂಡ ಇನ್ನೊಬ್ಬರು ಸಾಕ್ಷಿ ಹೇಳಬೇಕು ಅಂದಳು.

ಇನ್ನೊಬ್ಬರು ಅಂದರೆ ಹೃಷೀಕೇಶರೇ. ನಿಜ ಹೇಳಬೇಕೆಂದರೆ ಸೋಮುವಿಗಿಂತ ಅವರ ಮೇಲೆಯೇ ನನಗೆ ಹೆಚ್ಚು ಸಿಟ್ಟಿತ್ತು. ಎರಡನೇ ಪುಟ ಓದದ ಪಿಎಚ್‌ಡಿ ಎಂಥ ಪಿಎಚ್‌ಡಿ? ಇಂದುಮತಿಯನ್ನು ಕೂರಿಸಿಕೊಂಡು ನೋವೈಗೆ ಹೊರಟೆ. ದಾರಿಯುದ್ದಕ್ಕೂ ಅವರಿಗೆ ಏನೇನು ಅನ್ನಬೇಕು ಅಂತ ಜೋರಾಗಿ ಅಭ್ಯಾಸ ಮಾಡಿದೆ. ಅರ್ಧ ದಾರಿಯಲ್ಲಿ ಕಲಮಜೂ ಊರು ದಾಟುವ ಹೊತ್ತಿಗೆ ಇಂದುಮತಿ, ‘ಸಾಕ್ರಿ, ನನಗ ಬೈದಂಗ ಆಗಾಕತ್ತೈತಿ’ ಅಂದಳು.

ಹೃಷೀಕೇಶರು ಬಾಗಿಲಲ್ಲೇ ನಿಂತಿದ್ದರು. ‘ಬನ್ನಿ ಬನ್ನಿ, ಕಾಲು ತೊಳ್ಕೊಳ್ಳಿ, ಮೊದ್ಲು ಊಟ’ ಅಂದರು. ಅವರ ಹೆಂಡತಿ ಲತಾಶ್ರೀ ಬಿಸಿಬೇಳೆಬಾತು, ಬೂಂದಿ, ಹೋಳಿಗೆ ಬಡಿಸಿದರು. ಎರಡನೇ ಹೋಳಿಗೆಗೆ ತುಪ್ಪ ಹಾಕಿಸಿಕೊಂಡವನು ಯಾವ ಬಾಯಿಂದ ಬೈಯಲಿ? ನಾನು ಅಭ್ಯಾಸ ಮಾಡಿದ್ದೆಲ್ಲ ಹೋಳಿಗೆಯ ಜೊತೆ ಒಳಗೆ ಇಳಿಯಿತು. ಕೈ ತೊಳೆದು ಬಂದ ಮೇಲೆ ಮೆಲ್ಲಗೆ ಕೇಳಿದೆ.

‘ಸರ್, ಆ ಕಂತಿನ ವಿಮೆ ನೀವು ಓದಿ ತಗೊಂಡ್ರೋ ಹೆಂಗ?’

ಅವರು ವಿಚಿತ್ರವಾಗಿ ನೋಡಿದರು. ‘ನೀವು ಓದಿದೀರಾ ಅಂತ ತಾನೆ ನಾನು ತಗೊಂಡಿದ್ದು?’

‘ನಾನಾ?’

‘ಕಲ್ಮೇಶ್ ಸರ್ ಸೈನ್ ಮಾಡಿದಾರೆ ಅಂದ ಆ ಸೋಮು. ಟೆಸ್ಟಿಂಗ್‌ನವರು, ಸಾಲು ಸಾಲು ಓದಿರ್ತಾರೆ, ನಾನ್ಯಾಕೆ ಮತ್ತೆ ಓದ್ಲಿ ಅಂತ.’

ಇಬ್ಬರೂ ಪಾಲಿಸಿ ತೆಗೆದು ಊಟದ ಮೇಜಿನ ಮೇಲೆ ಇಟ್ಟು ತಾರೀಖು ನೋಡಿದೆವು. ಅವರದು ಏಪ್ರಿಲ್, ನನ್ನದು ಜೂನ್. ಯುಗಾದಿ ಊಟದಲ್ಲಿ ನಾನು ‘ವಿಚಾರ ಮಾಡೋಣ’ ಅಂದ ಮೇಲೆ ಸೋಮು ನೇರ ನೋವೈಗೆ ಬಂದು ನನ್ನ ಹೆಸರು ಮಾರಿದ್ದ. ಆಮೇಲೆ ನನ್ನ ಮನೆಗೆ ಬಂದು ಅವರ ಹೆಸರು ಮಾರಿದ್ದ. ಅವರು ನನ್ನನ್ನು ನಂಬಿ, ನಾನು ಅವರನ್ನು ನಂಬಿ, ಓದಿದವರು ಯಾರೂ ಇರಲಿಲ್ಲ. ಲತಾಶ್ರೀ ಮತ್ತು ಇಂದುಮತಿ ಒಬ್ಬರ ಮುಖ ಒಬ್ಬರು ನೋಡಿ ನಗಲು ಶುರುಮಾಡಿದರು. ಆ ನಗು ನಿಲ್ಲಲು ಬಹಳ ಹೊತ್ತಾಯಿತು.

ನನಗೆ ಮಾತ್ರ ಒಳಗೊಳಗೇ ಖುಷಿಯಾಯಿತು. ಸೋಮು ಹೇಳಿದ ಸುಳ್ಳು ಸಾಬೀತಾದಂತಾಯಿತಲ್ಲ. ಎರಡನೇ ಪುಟದ ವೀಸಾ ಸಾಲನ್ನೂ ತೋರಿಸಿ, ಸೋಮು ಹೇಳಿದ್ದನ್ನೇ ಬರೆದು ಕೊಡಿ ಸರ್, ಸಾಕು ಅಂದೆ. ಹೃಷೀಕೇಶರು ತಮ್ಮ ಪಾಲಿಸಿಯನ್ನು ಮಡಿಸಿ ಎತ್ತಿಟ್ಟುಕೊಂಡರು.

‘ಏನಂತ ಬರೀಲಿ? ಡಾಕ್ಟರ್ ಹೃಷೀಕೇಶ ಓದದೆ ಸೈನ್ ಮಾಡಿದ ಅಂತಾನಾ? ನಂದು ಗ್ರೀನ್ ಕಾರ್ಡು, ತಾತ್ಕಾಲಿಕ ವೀಸಾ ಅಲ್ಲ, ನನ್ನ ಪಾಲಿಸಿಗೆ ಏನೂ ಆಗಿಲ್ಲ. ನಾಳೆ ಸಂಘದಲ್ಲಿ ತಲೆ ಎತ್ಕೊಂಡು ಓಡಾಡೋದು ಬೇಡ್ವಾ ನಾನು? ನಿಮಗೇನು ಕಲ್ಮೇಶ್, ಇಷ್ಟೊಂದು ಹಠ?’

ಇಲ್ಲಿ ನಾನು ನಿಜ ಹೇಳಬೇಕಿತ್ತು. ನನ್ನ ಕೆಲಸ ಹೋಗಿದೆ, ಈ ತಿಂಗಳ ಕಂತು ಕಟ್ಟಿಲ್ಲ, ಆ ದುಡ್ಡು ಬರದಿದ್ದರೆ ಮನೆ ಹೋಗುತ್ತದೆ ಅಂತ. ಅಷ್ಟು ದೂರ ಹೋದದ್ದೇ ಅದಕ್ಕೆ. ಆದರೆ ನನಗೂ ತಲೆ ಎತ್ತಿ ಓಡಾಡುವ ಚಟ ಇದೆಯಲ್ಲ. ‘ಏನಿಲ್ಲ ಸರ್, ದುಡ್ಡಿನ ಪ್ರಶ್ನೆ ಅಲ್ಲ, ತತ್ವದ ಪ್ರಶ್ನೆ’ ಅಂದುಬಿಟ್ಟೆ. ಹಾಗಾದರೆ ಬಿಟ್ಟುಬಿಡಿ ಅಂದರು ಅವರು. ಬರುವಾಗ ಲತಾಶ್ರೀ ಡಬ್ಬಿ ತುಂಬ ಹೋಳಿಗೆ ಕಟ್ಟಿಕೊಟ್ಟರು. ಕಾರಿನಲ್ಲಿ ಇಂದುಮತಿ ಡಬ್ಬಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೇಳಿದಳು.

‘ತತ್ವದ ಮ್ಯಾಲೆ ಎಷ್ಟ ದಿನ ಮನಿ ನಿಂದರತೈತ್ರಿ?’

ನಾನು ರೇಡಿಯೋ ಹಾಕಿದೆ.

ಅರವತ್ತು ದಿನ ಮುಗಿಯುವುದರೊಳಗೆ ಎಲ್ಕ್ ಗ್ರೋವ್ ವಿಲೇಜ್‌ನ ಒಂದು ಡೇಟಾ ಸೆಂಟರಿನಲ್ಲಿ ಕೆಲಸ ಸಿಕ್ಕಿತು. ಮುಂಚಿನ ಸಂಬಳದ ಮುಕ್ಕಾಲು ಭಾಗ. ದೇಶ ಬಿಡುವುದು ತಪ್ಪಿತು, ಮನೆ ಬಿಡುವುದು ತಪ್ಪಲಿಲ್ಲ. ಅಷ್ಟರಲ್ಲಿ ಕಂತುಗಳು ಬಾಕಿ ಬಿದ್ದಿದ್ದವು. ಹೊಸ ಸಂಬಳದಲ್ಲಿ ಮುಂದಿನ ಕಂತು ಹೇಗೋ ಕಟ್ಟಬಹುದಿತ್ತು, ಹಿಂದಿನ ಬಾಕಿ ತೀರಿಸಲು ಕೈಯಲ್ಲಿ ಏನೂ ಇರಲಿಲ್ಲ. ಬ್ಯಾಂಕಿನವರ ಮಾತಿನ ಧಾಟಿ ಬದಲಾಯಿತು. ಇಂದುಮತಿ ಒಂದು ದಿನ ಮನೆ ಮಾರಿಸುವ ಏಜೆಂಟನ್ನು ಕರೆಸಿದಳು. ಅವನು ರೂಮು ರೂಮು ಅಡ್ಡಾಡಿ ಫೋಟೋ ಹೊಡೆದುಕೊಂಡ. ಮಗಳು ತನ್ನ ರೂಮಿನ ಬಾಗಿಲು ಹಾಕಿಕೊಂಡು ಅವನನ್ನು ಒಳಗೆ ಬಿಡಲಿಲ್ಲ. ನಾನು ಗ್ಯಾರೇಜಿಗೆ ಹೋಗಿ ಅತ್ತೆ. ಗಂಡಸು ಅಳಬಾರದು ಅನ್ನುವವರು ಒಮ್ಮೆ ತಮ್ಮ ಮನೆಯ ಫೋಟೋ ಬೇರೆಯವರು ಹೊಡೆಯುವುದನ್ನು ನೋಡಲಿ.

ಡೆಬ್ರಾ ಕೊನೆಯ ವಿಚಾರಣೆಗೆ ಫೋನ್ ಕರೆಯ ದಿನ ಗೊತ್ತು ಮಾಡಿದಳು. ಸಾಕ್ಷಿ ಯಾರಿದ್ದಾರೆ ಅಂತ ಕೇಳಿದ್ದಕ್ಕೆ ಹೃಷೀಕೇಶರ ಹೆಸರು, ನಂಬರು ಕೊಟ್ಟಿದ್ದೆ, ಬರುತ್ತಾರೆ ಅನ್ನುವ ಆಸೆ ಇರಲಿಲ್ಲ. ಆದರೆ ನಾನು ಮುಚ್ಚಿಟ್ಟದ್ದನ್ನು ಇಂದುಮತಿ ಅದಾಗಲೇ ಲತಾಶ್ರೀಗೆ ಫೋನಿನಲ್ಲಿ ಬಿಚ್ಚಿ ಹೇಳಿದ್ದಳು. ಕೆಲಸ ಹೋದದ್ದು, ಕಂತು ಬಾಕಿ, ಫೋಟೋ ಹೊಡೆದದ್ದು, ನಾನು ಗ್ಯಾರೇಜಿನಲ್ಲಿ ಅತ್ತದ್ದು ಸಹ. ಅದು ನನಗೆ ಗೊತ್ತಾದದ್ದು ಆಮೇಲೆ. ಕರೆಯ ದಿನ ಅಡುಗೆಮನೆಯ ಮೇಜಿನ ಮೇಲೆ ಫೋನಿಟ್ಟುಕೊಂಡು ಇಬ್ಬರೂ ಕೂತಿದ್ದೆವು. ಡೆಬ್ರಾ ಮಾತು ಶುರುಮಾಡುವಷ್ಟರಲ್ಲಿ ಇನ್ನೊಬ್ಬರು ಸೇರಿಕೊಂಡ ಶಬ್ದವಾಯಿತು. ಹೃಷೀಕೇಶರು ಗಂಟಲು ಸರಿಮಾಡಿಕೊಂಡರು.

ಸಂಘದ ವೇದಿಕೆಯಲ್ಲಿ ಮಾತಾಡುವ ಅದೇ ಗಂಭೀರ ಇಂಗ್ಲಿಷಿನಲ್ಲಿ ಅವರು ಹೇಳಿದರು: ನಾನು ಆ ಪಾಲಿಸಿಯ ಒಂದು ಪುಟವನ್ನೂ ಓದಲಿಲ್ಲ. ಕಲ್ಮೇಶ್ ಸಹಿ ಹಾಕಿದ್ದಾರೆ ಅಂತ ಏಜೆಂಟು ಹೇಳಿದ, ಹಾಕಿದೆ. ಆಗ ಅವರು ಹಾಕಿರಲೇ ಇಲ್ಲ. ತಾರೀಖು ನೋಡಿ.

ಡೆಬ್ರಾ ಸ್ವಲ್ಪ ಹೊತ್ತು ಏನೋ ಟೈಪು ಮಾಡಿದಳು. ಆಮೇಲೆ, ನೀವು ಇಷ್ಟು ಓದಿದವರು, ಒಬ್ಬರ ಹೆಸರು ಕೇಳಿದ ಮಾತ್ರಕ್ಕೆ ಸಹಿ ಹಾಕಿದಿರಿ ಅಂದರೆ ನಾನು ನಂಬುವುದು ಹೇಗೆ ಅಂತ ಕೇಳಿದಳು. ನ್ಯಾಯವಾದ ಪ್ರಶ್ನೆಯೇ. ನಾನಾಗಿದ್ದರೂ ಕೇಳುತ್ತಿದ್ದೆ.

ಹೃಷೀಕೇಶರು ಹೇಳಿದರು: ಐದು ವರ್ಷದ ಕೆಳಗೆ ಮೈಸೂರಿನಲ್ಲಿ ನನ್ನ ತಂದೆ ತೀರಿಕೊಂಡರು. ಹಿಮ ಬಿದ್ದು ಡೆಟ್ರಾಯಿಟಿನ ವಿಮಾನಗಳೆಲ್ಲ ರದ್ದಾಗಿದ್ದವು. ಈ ಮನುಷ್ಯ ಅಂಥ ಹಿಮದಲ್ಲಿ ಚಿಕಾಗೋದಿಂದ ನಮ್ಮ ಮನೆ ಬಾಗಿಲಿಗೆ ಬಂದು, ನನ್ನನ್ನು ವಾಪಸ್ ಚಿಕಾಗೋದ ಓಹೇರ್ ವಿಮಾನ ನಿಲ್ದಾಣಕ್ಕೆ ಮುಟ್ಟಿಸಿದರು. ಅಪ್ಪನ ಮುಖ ನೋಡಿದೆ. ಇವತ್ತಿನವರೆಗೂ ಇವರು ಅದನ್ನು ಎಲ್ಲೂ ಹೇಳಿಕೊಂಡಿಲ್ಲ. ಇವರ ಸಹಿ ಇರುವ ಕಡೆ ನಾನು ಏನು ಓದಬೇಕು ಹೇಳಿ?

ಡೆಬ್ರಾ ಧನ್ಯವಾದ ಹೇಳಿ ಕರೆ ಮುಗಿಸಿದಳು. ಇಂದುಮತಿ ನನ್ನ ಕೈ ಹಿಡಿದುಕೊಂಡು, ‘ನೀವು ಹೇಳೇ ಇಲ್ಲಲಾ ಇದನ್ನ, ಏನೋ ಸಾಮಾನು ತರಾಕ ಹೋಗಿದ್ದೆ ಅಂದಿದ್ರಿ’ ಅಂದಳು. ನನಗೆ ಕೈ ಬಿಡಿಸಿಕೊಂಡು ಓಡಿಹೋಗಬೇಕು ಅನ್ನಿಸಿತು.

ಯಾಕೆಂದರೆ ನಾನು ಹೋಗಿದ್ದು ನಿಜವಾಗಿಯೂ ಸಾಮಾನು ತರಲಿಕ್ಕೇ. ನೋವೈಯಲ್ಲಿ ಯಾರೋ ಟ್ರೆಡ್‌ಮಿಲ್ಲೊಂದನ್ನು ಪುಕ್ಕಟೆ ಕೊಡುತ್ತೇವೆ, ಇವತ್ತೇ ಬಂದು ಒಯ್ಯಿರಿ ಅಂತ ಜಾಹೀರಾತು ಹಾಕಿದ್ದರು. ಪುಕ್ಕಟೆ ಅಂದ ಮೇಲೆ ಹಿಮ ಏನು, ಬೆಂಕಿ ಏನು. ವ್ಯಾನಿನಲ್ಲಿ ಅದನ್ನು ತುಂಬಿಕೊಂಡು ಇನ್ನೇನು ಹೊರಡಬೇಕು, ಹೃಷೀಕೇಶರ ಫೋನು ಬಂತು. ಓಹೇರ್‌ನಿಂದ ವಿಮಾನಗಳು ಹೋಗುತ್ತಿವೆಯೇ ಅಂತ ಕೇಳುತ್ತಾ ಅಳುತ್ತಿದ್ದರು. ಬಂದೆ ಸರ್, ಇಲ್ಲೇ ಇದ್ದೀನಿ ಅಂದೆ. ಟ್ರೆಡ್‌ಮಿಲ್ಲಿನ ಮೇಲೆ ಕಂಬಳಿ ಹೊದಿಸಿ, ಅವರನ್ನು ಅದರ ಪಕ್ಕ ಕೂರಿಸಿದೆ. ಎಲ್ಲೂ ಹೇಳಿಕೊಳ್ಳದೆ ಇದ್ದದ್ದು ದೊಡ್ಡ ಗುಣದಿಂದಲ್ಲ. ಪುಕ್ಕಟೆ ಟ್ರೆಡ್‌ಮಿಲ್ಲಿಗೆ ಇನ್ನೂರೆಂಬತ್ತು ಮೈಲಿ ಹೋದವನು ಅಂತ ಜನ ನಗುತ್ತಾರೆ ಅನ್ನುವ ಹೆದರಿಕೆಯಿಂದ.

ಕಂಪನಿ ದುಡ್ಡು ಪೂರ್ತಿ ವಾಪಸ್ ಕೊಟ್ಟಿತು. ಬಾಕಿ ಕಂತುಗಳನ್ನು ತೀರಿಸಿದೆ. ಇಂದುಮತಿ ಏಜೆಂಟಿಗೆ ಫೋನ್ ಮಾಡಿ, ಮನೆ ಮಾರುವುದಿಲ್ಲ, ಫೋಟೋ ತೆಗೆದುಹಾಕು ಅಂದಳು. ಮಗಳು ಅಂದು ಟೇಬಲ್ಲಿಗೆ ಬಂದು ನಮ್ಮ ಜೊತೆ ಊಟ ಮಾಡಿದಳು. ಎಲ್ಲ ಸರಿ ಹೋಯಿತು. ಆದರೆ ನನ್ನದಲ್ಲದ ಪುಣ್ಯದ ಮೇಲೆ ನನ್ನ ಮನೆ ಉಳಿದಿತ್ತು. ಮೂರು ದಿನ ತಡೆದು, ಕೊನೆಗೆ ಹೃಷೀಕೇಶರಿಗೆ ಫೋನ್ ಮಾಡಿದೆ.

‘ಸರ್, ಒಂದು ಮಾತು ಹೇಳಬೇಕಾಗೇತಿ. ಆವತ್ತ ನಾನು ನಿಮ್ಮ ಸಲುವಾಗಿ ಬಂದಿರಲಿಲ್ಲ.’

‘ಟ್ರೆಡ್‌ಮಿಲ್ ತಾನೆ?’

ನಾನು ಕುರ್ಚಿ ಎಳೆದುಕೊಂಡು ಕೂತೆ.

‘ಗೊತ್ತು ಕಲ್ಮೇಶ್. ಅದರ ಹಿಡಿ ಓಹೇರ್ ತನಕ ನನ್ನ ಕುತ್ತಿಗೆಗೆ ಚುಚ್ತಾ ಇತ್ತು. ಕಂಬಳಿ ಹೊದಿಸಿದ್ರಲ್ಲ, ಗೊತ್ತಾಗಬಾರ್ದು ಅಂತಿದೀರ ಅಂದ್ಕೊಂಡು ಸುಮ್ನಾದೆ.’

‘ಮತ್ತ ಆಕಿ ಮುಂದ ಹಂಗ್ಯಾಕ ಹೇಳಿದ್ರಿ?’

‘ಸುಳ್ಳೇನು ಹೇಳ್ದೆ? ಟ್ರೆಡ್‌ಮಿಲ್‌ಗೆ ಬಂದೋರು ಅದನ್ನ ತಗೊಂಡು ಹೋಗಿಬಿಡ್ಬೋದಿತ್ತು. ನನ್ನ ಫೋನ್ ಎತ್ತದೆ ಇರ್ಬೋದಿತ್ತು. ಓಹೇರ್‌ನಲ್ಲಿ ಇಳಿಸಿ ಹೋಗ್ಬೋದಿತ್ತು. ನನ್ನ ಕೈ ನಡುಗ್ತಿದೆ ಅಂತ ಒಳಗಡೆ ತನಕ ಬಂದು, ನನ್ನ ಬೋರ್ಡಿಂಗ್ ಪಾಸ್ ನೀವೇ ತೆಗೆಸಿಕೊಟ್ರಿ. ನೆನಪಿದೆಯಾ?’

ನನಗೆ ನೆನಪಿರಲಿಲ್ಲ. ವ್ಯಾನು ಎಲ್ಲಿ ನಿಲ್ಲಿಸಿದೆ, ಎಷ್ಟು ಪಾರ್ಕಿಂಗ್ ಕಟ್ಟಿದೆ ಅನ್ನುವುದು ನೆನಪಿತ್ತು, ಇದು ಇರಲಿಲ್ಲ. ಕಣ್ಣು ತುಂಬಿತು.

‘ಕಲ್ಮೇಶ್, ಲೈನಲ್ಲಿದೀರಾ?’ ಅಂದರು ಅವರು.

ಇದ್ದೆ. ತೋಳಿನಿಂದ ಕಣ್ಣೊರೆಸಿಕೊಂಡು, ‘ಇಲ್ಲೇ ಅದೀನ್ರಿ ಸರ್’ ಅಂದೆ.